ರಾತ್ರಿ ನೆನೆಸಿ ಬೆಳಗ್ಗೆ ಬೇಯಿಸುವ ಸಿಹಿ ಫ್ರೆಂಚ್ ಟೋಸ್ಟ್

ಅಮೆರಿಕದ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬದ ಬೆಳಗ್ಗೆ, ಮೇ ತಿಂಗಳ ಎರಡನೆಯ ಭಾನುವಾರ ಬರುವ ತಾಯಂದಿರ ದಿನದಂದು, ಅಥವಾ ಥ್ಯಾಂಕ್ಸ್‌ಗಿವಿಂಗ್‌ಗೆ ಬಂದ ನೆಂಟರು ಇನ್ನೂ ಮನೆಯಲ್ಲೇ ಉಳಿದಿರುವ ವಾರಾಂತ್ಯದಲ್ಲಿ, ತಿಂಡಿಯೂ ಊಟವೂ ಒಂದಾಗುವ ಬ್ರಂಚ್‌ಗಾಗಿ ಓವನ್‌ನಲ್ಲಿ ಬೇಯಿಸಿದ ಫ್ರೆಂಚ್ ಟೋಸ್ಟ್ ಮಾಡುವ ರೂಢಿಯಿದೆ. ಕಾವಲಿಯ ಮೇಲೆ ಒಂದೊಂದೇ ಹೋಳನ್ನು ಬೇಯಿಸುವ ಸಾಮಾನ್ಯ ಫ್ರೆಂಚ್ ಟೋಸ್ಟ್ ಎಂಟು ಹತ್ತು ಜನರಿಗೆ ಆಗಬೇಕಾದಾಗ ಮಾಡುವವರು ಒಲೆ ಬಿಟ್ಟು ಕದಲುವಂತಿಲ್ಲ. ಕೊನೆಯವರಿಗೆ ಬಡಿಸುವ ಹೊತ್ತಿಗೆ ಮೊದಲು ಕುಳಿತವರು ಕೈ ತೊಳೆದಿರುತ್ತಾರೆ. ಟ್ರೇಯಲ್ಲಿ ಬೇಯಿಸುವ ಈ ವಿಧಾನದಲ್ಲಿ ಹಿಂದಿನ ರಾತ್ರಿಯೇ ಬ್ರೆಡ್ಡನ್ನು ಮೊಟ್ಟೆ-ಹಾಲಿನ ಮಿಶ್ರಣದಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟು, ಬೆಳಗ್ಗೆ ಇಡೀ ಟ್ರೇಯನ್ನು ಓವನ್‌ಗೆ ಸೇರಿಸಿದರೆ ಸಾಕು, ಎಲ್ಲರೂ ಒಟ್ಟಿಗೆ ಕುಳಿತು ಬಿಸಿಬಿಸಿಯಾಗಿ ತಿನ್ನಬಹುದು.

ಈ ತಿನಿಸಿನ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಎಂದರೆ, ಮೇಲೆ ಕೆಂಪಗೆ ಬೆಂದಿದ್ದರೂ ಅಡಿಯಲ್ಲಿ ಹಿಟ್ಟಿನ ಮುದ್ದೆಯಂತೆ ಒದ್ದೆಯಾಗಿ ಉಳಿಯುತ್ತದೆ ಎಂಬುದು. ಬಹಳಷ್ಟು ಜನ ಇದಕ್ಕೆ ಓವನ್ನನ್ನು ದೂರುತ್ತಾರೆ, ಇನ್ನೂ ಇಪ್ಪತ್ತು ನಿಮಿಷ ಹೆಚ್ಚಿಗೆ ಬೇಯಿಸುತ್ತಾರೆ, ಆಗ ಮೇಲ್ಭಾಗ ಸೀದುಹೋಗುತ್ತದೆಯೇ ಹೊರತು ಅಡಿಭಾಗ ಸರಿಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಅಡುಗೆಯ ಮುಕ್ಕಾಲು ಪಾಲು ರಾತ್ರಿಯೇ ನಡೆದುಹೋಗುತ್ತದೆ. ಬ್ರೆಡ್ಡನ್ನು ಎಷ್ಟು ಒಣಗಿಸಿದ್ದೀರಿ, ಹಾಲಿಗೂ ಮೊಟ್ಟೆಗೂ ಯಾವ ಪ್ರಮಾಣ ಇಟ್ಟಿದ್ದೀರಿ, ಅದು ಟ್ರೇಯ ಎಲ್ಲ ಮೂಲೆಗಳಿಗೂ ಸಮನಾಗಿ ಇಳಿದಿದೆಯೇ ಎಂಬ ಮೂರು ಸಂಗತಿಗಳು ರಾತ್ರಿಯೇ ತೀರ್ಮಾನವಾಗುತ್ತವೆ. ಬೆಳಗಿನ ಶಾಖ ಆ ತೀರ್ಮಾನವನ್ನು ಗಟ್ಟಿಗೊಳಿಸುತ್ತದೆ, ಅಷ್ಟೇ. ಆದ್ದರಿಂದ ಈ ಲೇಖನದಲ್ಲಿ ರಾತ್ರಿಯ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬ್ರೆಡ್ಡಿನ ಆಯ್ಕೆ ಮತ್ತು ಒಣಗಿಸುವಿಕೆ

ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ 9 ಇಂಚು ಅಗಲ, 13 ಇಂಚು ಉದ್ದ, ಕನಿಷ್ಠ 2 ಇಂಚು ಆಳವಿರುವ ಟ್ರೇಗೆ ಹೊಂದುತ್ತವೆ. ಎಂಟರಿಂದ ಹತ್ತು ಜನರಿಗೆ ಸಾಕಾಗುತ್ತದೆ. ಇದಕ್ಕೆ 450 ಗ್ರಾಂ ಬ್ರೆಡ್ ಬೇಕು. ಅಮೆರಿಕದಲ್ಲಿ ಇದಕ್ಕಾಗಿ ಜನ ಹೆಚ್ಚಾಗಿ ಕೊಳ್ಳುವುದು ಹಲ್ಲಾ ಅಥವಾ ಬ್ರಿಯೋಶ್. ಹಲ್ಲಾ ಎಂಬುದು ಯಹೂದಿಗಳು ಶುಕ್ರವಾರ ಸಂಜೆಯ ಸಬ್ಬತ್ ಊಟಕ್ಕೆ ಜಡೆಯಂತೆ ಹೆಣೆದು ಮಾಡುವ, ಮೊಟ್ಟೆ ಸೇರಿಸಿದ ಬ್ರೆಡ್. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಸೇರಕೂಡದೆಂಬ ಅವರ ಆಹಾರ ನಿಯಮದ ಕಾರಣ ಇದರಲ್ಲಿ ಸಾಮಾನ್ಯವಾಗಿ ಬೆಣ್ಣೆ, ಹಾಲು ಇರುವುದಿಲ್ಲ. ಶುಕ್ರವಾರ ಉಳಿದ ಹಲ್ಲಾವನ್ನು ಭಾನುವಾರ ಫ್ರೆಂಚ್ ಟೋಸ್ಟ್ ಮಾಡುವುದು ಅಲ್ಲಿನ ಯಹೂದಿ ಮನೆಗಳಲ್ಲಿ ವಾಡಿಕೆ. ಬ್ರಿಯೋಶ್ ಫ್ರಾನ್ಸಿನ, ಬೆಣ್ಣೆ ಹೇರಳವಾಗಿರುವ ಬ್ರೆಡ್. ರುಚಿಯಲ್ಲಿ ಶ್ರೀಮಂತವಾದರೂ ಮೃದುವಾದ್ದರಿಂದ ಬೇಗ ಕರಗಿಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಹಲ್ಲಾವನ್ನೇ ಆರಿಸುತ್ತೇನೆ, ಏಕೆಂದರೆ ರಾತ್ರಿಯಿಡೀ ನೆನೆದ ಮೇಲೂ ಅದರ ಎಳೆಗಳು ಕೈಗೆ ಸಿಗುತ್ತವೆ. ಕರ್ನಾಟಕದಲ್ಲಿ ಮಾಡುವವರು ಹತ್ತಿರದ ಅಯ್ಯಂಗಾರ್ ಬೇಕರಿಯಲ್ಲಿ ಹೋಳು ಮಾಡದ ಇಡೀ ಬ್ರೆಡ್ ಕೇಳಿ ತರಬಹುದು. ಪ್ಲಾಸ್ಟಿಕ್ ಕವರಿನಲ್ಲಿ ತೆಳ್ಳಗೆ ಹೋಳಾಗಿ ಬರುವ ಸ್ಯಾಂಡ್‌ವಿಚ್ ಬ್ರೆಡ್ ಮಾತ್ರ ಇದಕ್ಕೆ ಬೇಡ.

ಬ್ರೆಡ್ಡನ್ನು ಒಂದು ಇಂಚಿನ ಚೌಕ ತುಂಡುಗಳಾಗಿ ಕತ್ತರಿಸಿರಿ. ಅಂಚು ತೆಗೆಯುವ ಅಗತ್ಯವಿಲ್ಲ. ನೆನೆದ ಮೇಲೆ ತುಂಡುಗಳಿಗೆ ಆಕಾರ ಉಳಿಸುವುದು ಆ ಅಂಚೇ.

ಈಗ ಒಣಗಿಸುವ ವಿಷಯ. ಹಳೆಯ ಬ್ರೆಡ್ ಇರಲಿ ಎಂದು ಎಲ್ಲ ಪಾಕವಿಧಾನಗಳೂ ಹೇಳುತ್ತವೆ, ಆದರೆ ಬ್ರೆಡ್ ಗಡುಸಾಗುವುದೇ ಬೇರೆ, ಒಣಗುವುದೇ ಬೇರೆ. ಕವರಿನೊಳಗೆ ಇಟ್ಟ ಬ್ರೆಡ್ ಎರಡು ದಿನದಲ್ಲಿ ಗಡುಸಾಗುವುದು ಅದರ ಪಿಷ್ಟದ ಕಣಗಳು ಮತ್ತೆ ಹರಳುಗಟ್ಟುವುದರಿಂದ. ತೇವಾಂಶ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಈ ಹರಳುಗಟ್ಟುವಿಕೆ ಇನ್ನೂ ಚುರುಕಾಗುತ್ತದೆ. ನಮಗೆ ಬೇಕಾಗಿರುವುದು ತೇವಾಂಶ ಹೊರಹೋಗಿ, ಆ ಜಾಗಕ್ಕೆ ಮೊಟ್ಟೆ-ಹಾಲು ಬಂದು ಕೂರುವಂತಹ ಬ್ರೆಡ್. ಒಣಹವೆಯ ಊರುಗಳಲ್ಲಿ ತುಂಡುಗಳನ್ನು ಒಂದು ರಾತ್ರಿ ತಟ್ಟೆಯಲ್ಲಿ ಹರಡಿಟ್ಟರೆ ಇದು ತಾನಾಗಿಯೇ ಆಗುತ್ತದೆ. ಮಂಗಳೂರು, ಕಾರವಾರದಂತಹ ಕರಾವಳಿಯಲ್ಲಾಗಲಿ ಮಳೆಗಾಲದ ಮಲೆನಾಡಿನಲ್ಲಾಗಲಿ ಹಾಗೆ ಹರಡಿಟ್ಟರೆ ಒಣಗುವ ಮೊದಲೇ ಬೂಷ್ಟು ಹಿಡಿಯಬಹುದು. ಆದ್ದರಿಂದ ಎಲ್ಲಿದ್ದರೂ ಓವನ್‌ನಲ್ಲೇ ಒಣಗಿಸುವುದು ಉತ್ತಮ: 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ, ನಡುವೆ ಒಮ್ಮೆ ಮಗುಚಿ. ಬಣ್ಣ ಬರುವವರೆಗೆ ಕಾಯಬಾರದು. ಒಂದು ತುಂಡನ್ನು ಬೆರಳುಗಳ ನಡುವೆ ಒತ್ತಿ ನೋಡಿರಿ. ಹೊರಗಿನ ಪದರ ಒರಟಾಗಿ, ಉಗುರು ತಾಗಿದರೆ ಸಣ್ಣಗೆ ಸದ್ದು ಮಾಡುವಂತಿರಬೇಕು, ನಟ್ಟನಡುವೆ ಮಾತ್ರ ಇನ್ನೂ ಕೊಂಚ ಮೆತ್ತಗಿರಬೇಕು. ರಸ್ಕಿನಷ್ಟು ಗರಿಗರಿಯಾದರೆ ಮಿಶ್ರಣವನ್ನೆಲ್ಲ ಹೀರಿಕೊಂಡು ಬೆಂದ ಮೇಲೆ ಒಣಒಣಗಲಾಗುತ್ತದೆ. ತುಂಡುಗಳು ಪೂರ್ತಿ ಆರುವವರೆಗೆ ಅವನ್ನು ಮುಚ್ಚಬೇಡಿ, ಇಲ್ಲವಾದರೆ ಹೊರಬಂದ ಹಬೆ ಮತ್ತೆ ಬ್ರೆಡ್ಡಿಗೇ ಸೇರುತ್ತದೆ.

ಮೊಟ್ಟೆ-ಹಾಲಿನ ಮಿಶ್ರಣ

ಇದಕ್ಕೆ 8 ದೊಡ್ಡ ಮೊಟ್ಟೆ, 480 ಮಿಲಿಲೀಟರ್ ಹಾಲು, 120 ಮಿಲಿಲೀಟರ್ ಕ್ರೀಮ್, 100 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ವೆನಿಲಾ ಎಸೆನ್ಸ್, ಒಂದೂವರೆ ಟೀ ಚಮಚ ಚಕ್ಕೆಪುಡಿ, ಒಂದು ಚಿಟಿಕೆ ತುರಿದ ಜಾಯಿಕಾಯಿ ಮತ್ತು ಅರ್ಧ ಟೀ ಚಮಚ ಉಪ್ಪು ಬೇಕು. ಸಿಹಿಗೆ ಉಪ್ಪೇಕೆ ಎಂದು ಬಿಡಬೇಡಿ. ಉಪ್ಪಿಲ್ಲದಿದ್ದರೆ ಮೊಟ್ಟೆಯ ವಾಸನೆಯೇ ಮುಂದೆ ಬಂದು ಉಳಿದ ರುಚಿಗಳೆಲ್ಲ ಮಂಕಾಗುತ್ತವೆ.

ಅಮೆರಿಕದಲ್ಲಿ ‘ದೊಡ್ಡದು’ ಎಂದು ಮಾರುವ ಮೊಟ್ಟೆ ಚಿಪ್ಪು ತೆಗೆದ ಮೇಲೆ ಸುಮಾರು 50 ಗ್ರಾಂ ತೂಗುತ್ತದೆ. ನಮ್ಮ ಅಂಗಡಿಗಳ ಮೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದಾದ್ದರಿಂದ, ತಕ್ಕಡಿ ಇದ್ದರೆ ಒಟ್ಟು 400 ಗ್ರಾಂ ಆಗುವಷ್ಟು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ 9 ಹಾಕಬೇಕು. ಒಂದೊಂದು ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿನಲ್ಲಿ ಒಡೆದು ನೋಡಿ ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಿರಿ. ಎಂಟನೆಯ ಮೊಟ್ಟೆ ಕೆಟ್ಟಿದ್ದರೆ ಮೊದಲಿನ ಏಳನ್ನೂ ಚೆಲ್ಲಬೇಕಾಗಿ ಬರಬಾರದು.

ಹಾಲು ಮತ್ತು ಕ್ರೀಮಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಮೆರಿಕದ ಅಳತೆಯನ್ನು ಭಾರತದ ಅಡುಗೆಮನೆಗೆ ತರುವವರು ಇಲ್ಲಿ ಅನುಮಾನಕ್ಕೆ ಬೀಳುತ್ತಾರೆ. ಅಮೆರಿಕದ ಹೋಲ್ ಮಿಲ್ಕ್‌ನಲ್ಲಿ ಕೊಬ್ಬು ಶೇಕಡಾ 3.25ರಷ್ಟು, ಹೆವಿ ಕ್ರೀಮ್‌ನಲ್ಲಿ ಶೇಕಡಾ 36 ಅಥವಾ ಅದಕ್ಕೂ ಹೆಚ್ಚು. ನಮ್ಮಲ್ಲಿ ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ 6 ಕೊಬ್ಬಿರುತ್ತದೆ, ಪೊಟ್ಟಣದ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 25. ಹಾಲು ಅವರದಕ್ಕಿಂತ ಗಟ್ಟಿ, ಕ್ರೀಮ್ ಅವರದಕ್ಕಿಂತ ತೆಳು. ಮೇಲಿನ ಪ್ರಮಾಣದಲ್ಲಿ ಎರಡನ್ನೂ ಬೆರೆಸಿದರೆ ಎರಡು ಕಡೆಯೂ ಕೊಬ್ಬು ಹೆಚ್ಚುಕಡಿಮೆ ಶೇಕಡಾ 10ಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಫುಲ್ ಕ್ರೀಮ್ ಹಾಲನ್ನು ಬಳಸುವವರು ಅಳತೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ. ಹಾಲನ್ನು ಕಾಯಿಸಿದ್ದರೆ ಪೂರ್ತಿ ಆರಿಸಿ, ಕೆನೆಯನ್ನು ಕದಡಿ ಬಳಸಬೇಕು.

ಸೇರಿಸುವ ಕ್ರಮಕ್ಕೂ ಮಹತ್ವವಿದೆ. ಚಕ್ಕೆಪುಡಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಅದು ಮೇಲೆಯೇ ತೇಲಿ, ಸುರಿಯುವಾಗ ಒಂದೇ ಮೂಲೆಗೆ ಹೋಗಿ ಸೇರುತ್ತದೆ. ಮೊದಲು ಸಕ್ಕರೆ, ಉಪ್ಪು, ಚಕ್ಕೆಪುಡಿ, ಜಾಯಿಕಾಯಿಗಳನ್ನು ಒಣದಾಗಿಯೇ ಬೆರೆಸಿ, ಅದಕ್ಕೆ ಮೊಟ್ಟೆಗಳನ್ನು ಹಾಕಿ ಬಿಳಿಯ ಎಳೆ ಕಾಣದಂತೆ ಕದಡಿ, ಆಮೇಲೆ ಹಾಲು, ಕ್ರೀಮ್, ವೆನಿಲಾ ಸೇರಿಸಿದರೆ ಪುಡಿ ಎಲ್ಲೆಡೆ ಹರಡುತ್ತದೆ. ನೊರೆ ಬರುವಂತೆ ಕಡೆಯುವುದು ಬೇಡ. ಈ ಮಿಶ್ರಣಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕುವ ಆಸೆ ನಮ್ಮವರಿಗೆ ಬರುವುದು ಸಹಜ. ಆದರೆ ಪಾಯಸ ಮಾಡುವವರಿಗೆಲ್ಲ ತಿಳಿದಿರುವಂತೆ ಬೆಲ್ಲ ಬಿದ್ದ ಹಾಲು ಬಿಸಿಯಾದಾಗ ಒಡೆಯುವ ಸಾಧ್ಯತೆಯಿದೆ. ಬೆಲ್ಲಕ್ಕೆ ಬೇರೆ ಜಾಗವಿದೆ, ಮುಂದೆ ಹೇಳುತ್ತೇನೆ.

ಜೋಡಿಸಿ ನೆನೆಸುವುದು

ಟ್ರೇಗೆ ಬೆಣ್ಣೆಯನ್ನು ಧಾರಾಳವಾಗಿ, ವಿಶೇಷವಾಗಿ ಮೂಲೆಗಳಿಗೆ ಸವರಿರಿ. ತುಂಡುಗಳಲ್ಲಿ ಅರ್ಧವನ್ನು ಹರಡಿ, ಹಣ್ಣು ಹಾಕುವುದಿದ್ದರೆ ಅದರ ಮೇಲೆ ಹಾಕಿ, ಉಳಿದ ತುಂಡುಗಳಿಂದ ಮುಚ್ಚಿರಿ. ಸೇಬು ಹಾಕುವವರು ಅದನ್ನು ಸಣ್ಣಗೆ ಹೆಚ್ಚಿ ಒಂದು ಚಮಚ ಬೆಣ್ಣೆಯಲ್ಲಿ ಐದಾರು ನಿಮಿಷ ಬಾಡಿಸಿ ಆರಿಸಿಕೊಳ್ಳಬೇಕು. ಹಸಿ ಸೇಬು ಓವನ್‌ನಲ್ಲಿ ನೀರು ಬಿಡುತ್ತದೆ. ಬ್ಲೂಬೆರ್ರಿಯನ್ನು ಬೆಳಗ್ಗೆಯೇ ಹಾಕುವುದು ಒಳ್ಳೆಯದು, ಅದರಲ್ಲೂ ಫ್ರೀಜರಿನದಾಗಿದ್ದರೆ ರಾತ್ರಿಯೆಲ್ಲ ಬಣ್ಣ ಬಿಟ್ಟು ಇಡೀ ಟ್ರೇ ಬೂದು ಬಣ್ಣಕ್ಕೆ ತಿರುಗುತ್ತದೆ. ಹಸಿ ಅನಾನಸನ್ನಾಗಲಿ ಪರಂಗಿ ಹಣ್ಣನ್ನಾಗಲಿ ರಾತ್ರಿ ನೆನೆಯುವ ಟ್ರೇಗೆ ಸೇರಿಸಲೇಬಾರದು. ಆ ಹಣ್ಣುಗಳಲ್ಲಿರುವ ಕಿಣ್ವಗಳು ಹಾಲಿನ ಮತ್ತು ಮೊಟ್ಟೆಯ ಪ್ರೋಟೀನನ್ನು ಮುರಿಯುತ್ತವೆ. ಬೆಳಗಾಗುವಷ್ಟರಲ್ಲಿ ಮಿಶ್ರಣ ಕಹಿಯಾಗಿ, ಬೇಯಿಸಿದರೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅನಾನಸ್ ಬೇಕೇ ಬೇಕಿದ್ದರೆ ಸಕ್ಕರೆಯೊಡನೆ ಚೆನ್ನಾಗಿ ಕುದಿಸಿದರೆ ಆ ಕಿಣ್ವ ನಾಶವಾಗುತ್ತದೆ.

ಮಿಶ್ರಣವನ್ನು ಒಂದೇ ಕಡೆ ಸುರಿಯದೆ, ಅಂಚಿನಿಂದ ಒಳಕ್ಕೆ ಸುತ್ತು ಹಾಕುತ್ತ ನಿಧಾನವಾಗಿ ಹೊಯ್ಯಿರಿ. ಒಣಗಿದ ತುಂಡುಗಳು ಮೊದಲು ತೇಲುತ್ತವೆ. ಅಗಲವಾದ ಚಮಚದ ಬೆನ್ನಿನಿಂದ ಅವನ್ನು ಮೆಲ್ಲಗೆ ಒತ್ತಿ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಒತ್ತಿದರೆ, ಸಣ್ಣ ಸಣ್ಣ ಗುಳ್ಳೆಗಳು ಮೇಲೇಳುವುದು ಕಾಣುತ್ತದೆ. ಬ್ರೆಡ್ಡಿನೊಳಗಿನ ಗಾಳಿ ಹೊರಬಂದು ಹಾಲು ಒಳಹೋಗುತ್ತಿರುವ ಗುರುತು ಅದು. ಗುಳ್ಳೆ ನಿಂತ ಮೇಲೆ ಟ್ರೇಯನ್ನು ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ ಫ್ರಿಜ್‌ಗೆ ಸೇರಿಸಿರಿ. ಹಸಿ ಮೊಟ್ಟೆಯ ಮಿಶ್ರಣವಾದ್ದರಿಂದ ಅಡುಗೆಮನೆಯ ಕಟ್ಟೆಯ ಮೇಲೆ ನೆನೆಸುವ ಮಾತೇ ಇಲ್ಲ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಂಪಾಗಿರಬೇಕು. ಎಂಟು ಗಂಟೆ ಬೇಕೇ ಬೇಕು, ಹನ್ನೆರಡು ಗಂಟೆ ಇಟ್ಟರೆ ಚೆನ್ನ, ಇಪ್ಪತ್ನಾಲ್ಕು ಗಂಟೆ ಮೀರಬಾರದು.

ಮೇಲಿನ ಗರಿಗರಿ ಪದರ

ಟ್ರೇಯ ಮೇಲೆ ಉದುರಿಸುವ ಈ ಪದರವನ್ನು ಸ್ಟ್ರೂಸೆಲ್ ಎನ್ನುತ್ತಾರೆ. 65 ಗ್ರಾಂ ಮೈದಾ, 100 ಗ್ರಾಂ ಬ್ರೌನ್ ಶುಗರ್, ಒಂದು ಟೀ ಚಮಚ ಚಕ್ಕೆಪುಡಿ, ಚಿಟಿಕೆ ಉಪ್ಪು ಬೆರೆಸಿ, ಫ್ರಿಜ್‌ನಿಂದ ಆಗಷ್ಟೇ ತೆಗೆದ 115 ಗ್ರಾಂ ಬೆಣ್ಣೆಯನ್ನು ಸಣ್ಣಗೆ ಕತ್ತರಿಸಿ ಹಾಕಿ, ಬೆರಳ ತುದಿಗಳಿಂದ ಹುರಿಗಡಲೆ ಗಾತ್ರದ ಕಾಳುಗಳಾಗುವವರೆಗೆ ಉಜ್ಜಬೇಕು. ಅಂಗೈ ತಾಗಿಸಿದರೆ ಬೆಣ್ಣೆ ಕರಗಿ ಹಿಟ್ಟು ಕಲಸಿದಂತಾಗುತ್ತದೆ. ಕೊನೆಗೆ ಒರಟಾಗಿ ಹೆಚ್ಚಿದ 60 ಗ್ರಾಂ ಪೆಕನ್ ಸೇರಿಸಬೇಕು. ಅಕ್ರೋಟು ಅಥವಾ ಗೋಡಂಬಿಯೂ ಆಗುತ್ತದೆ. ಬ್ರೌನ್ ಶುಗರ್ ಎಂದರೆ ಕಾಕಂಬಿಯ ಅಂಶ ಉಳಿದಿರುವ ಸಕ್ಕರೆ, ಆದ್ದರಿಂದ ಇಲ್ಲಿ ಮಂಡ್ಯದ ಬೆಲ್ಲದ ಪುಡಿ ಅದರ ಸ್ಥಾನವನ್ನು ಸಲೀಸಾಗಿ ತುಂಬುತ್ತದೆ. ನನಗಂತೂ ಬೆಲ್ಲದ ಸ್ಟ್ರೂಸೆಲ್ಲೇ ಹೆಚ್ಚು ಇಷ್ಟ.

ಇದನ್ನು ರಾತ್ರಿಯೇ ಮಾಡಿಟ್ಟುಕೊಳ್ಳಬಹುದು, ಆದರೆ ಬೇರೆ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ. ರಾತ್ರಿಯೇ ಟ್ರೇಯ ಮೇಲೆ ಉದುರಿಸಿದರೆ ಸಕ್ಕರೆ ಕೆಳಗಿನ ತೇವವನ್ನು ಎಳೆದುಕೊಂಡು ಕೆಸರಾಗುತ್ತದೆ, ಬೆಳಗ್ಗೆ ಎಷ್ಟು ಬೇಯಿಸಿದರೂ ಗರಿಗರಿಯಾಗುವುದಿಲ್ಲ.

ಬೆಳಗಿನ ಕೆಲಸ

ಓವನ್ನನ್ನು 175 ಡಿಗ್ರಿಗೆ, ಅಂದರೆ ಅಮೆರಿಕದ ಓವನ್‌ಗಳಲ್ಲಿ 350 ಫ್ಯಾರನ್‌ಹೀಟ್‌ಗೆ, ಬಿಸಿಯಾಗಲು ಹಚ್ಚಿ, ಟ್ರೇಯನ್ನು ಹೊರಗೆ ತೆಗೆದು ಅರ್ಧ ಗಂಟೆ ಬಿಡಬೇಕು. ಗಾಜಿನ ಟ್ರೇ ಬಳಸುವವರು ಇದನ್ನು ಎಷ್ಟು ಅವಸರವಿದ್ದರೂ ತಪ್ಪಿಸಕೂಡದು. ಫ್ರಿಜ್‌ನ ತಂಪಿನಿಂದ ನೇರವಾಗಿ ಸುಡುವ ಓವನ್‌ಗೆ ಹೋದ ಗಾಜು ಸೀಳಬಹುದು, ಸೀಳಿದರೆ ಅಡುಗೆಯಷ್ಟೇ ಅಲ್ಲ, ಕೈಗೂ ಅಪಾಯ. ಈ ಬಿಡುವಿನಲ್ಲಿ ಟ್ರೇಯನ್ನು ಒಂದು ಬದಿಗೆ ಸ್ವಲ್ಪ ಓರೆ ಮಾಡಿ ನೋಡಿರಿ. ಮೂಲೆಯಲ್ಲಿ ಒಂದೆರಡು ಚಮಚ ಹಾಲು ಕಂಡರೆ ಸರಿಯಾಗಿಯೇ ಇದೆ. ಅರ್ಧ ಲೋಟದಷ್ಟು ಹರಿದು ಬಂದರೆ ಬ್ರೆಡ್ ಸಾಲದೆ ಹೋಗಿದೆ ಅಥವಾ ಒಣಗಿರಲಿಲ್ಲ ಎಂದರ್ಥ. ಹೆಚ್ಚಿನದನ್ನು ಚಮಚದಿಂದ ತೆಗೆದುಹಾಕುವುದು ಬೆಳಗ್ಗೆ ಉಳಿದಿರುವ ಒಂದೇ ದಾರಿ.

ಸ್ಟ್ರೂಸೆಲ್ಲನ್ನು ಸಮನಾಗಿ ಉದುರಿಸಿ, ಫಾಯಿಲ್ಲನ್ನು ಸಡಿಲವಾಗಿ ಹೊದಿಸಿ, ನಡುವಿನ ಅಂತಸ್ತಿನಲ್ಲಿಟ್ಟು 25 ನಿಮಿಷ ಬೇಯಿಸಿರಿ. ಆಮೇಲೆ ಫಾಯಿಲ್ ತೆಗೆದು ಇನ್ನೂ 25ರಿಂದ 30 ನಿಮಿಷ ಬೇಯಿಸಿರಿ. ಮುಚ್ಚಿದ ಹೊತ್ತಿನಲ್ಲಿ ಒಳಭಾಗ ಬೇಯುತ್ತದೆ, ತೆರೆದ ಹೊತ್ತಿನಲ್ಲಿ ಮೇಲ್ಭಾಗ ಗರಿಯಾಗುತ್ತದೆ. ಕೌಂಟರಿನ ಮೇಲಿಡುವ ಸಣ್ಣ ಒಟಿಜಿ ಓವನ್ ಇರುವವರು ಎಲ್ಲ ಅಳತೆಯನ್ನೂ ಅರ್ಧ ಮಾಡಿ 8 ಇಂಚಿನ ಚೌಕ ಟ್ರೇಯಲ್ಲಿ ಮಾಡಬಹುದು, ಒಟ್ಟು 40 ನಿಮಿಷದ ಆಸುಪಾಸು ಸಾಕಾಗುತ್ತದೆ. ಅದರ ಮೇಲ್ಭಾಗದ ಬಿಸಿಯಾಗುವ ಕಾಯಿಲ್ ಟ್ರೇಗೆ ತೀರ ಹತ್ತಿರವಿರುವುದರಿಂದ ಕೊನೆಯ ಹತ್ತು ನಿಮಿಷ ಕಣ್ಣಿಟ್ಟಿರಬೇಕು.

ಬೆಂದಿದೆಯೇ ಎಂದು ತಿಳಿಯಲು ಗಡಿಯಾರಕ್ಕಿಂತ ಟ್ರೇಯನ್ನೇ ನೋಡುವುದು ಮೇಲು. ಅಂಚುಗಳು ಉಬ್ಬಿ ಟ್ರೇಯ ಗೋಡೆಯಿಂದ ಕೊಂಚ ಬಿಟ್ಟಿರಬೇಕು. ಟ್ರೇಯನ್ನು ಅಲುಗಿಸಿದಾಗ ನಡುಭಾಗ ಚೆನ್ನಾಗಿ ಹೆಪ್ಪಾದ ಮೊಸರಿನಂತೆ ಒಟ್ಟಾಗಿ ಅದುರಬೇಕೇ ಹೊರತು ಅಲೆಯಾಗಿ ತುಳುಕಬಾರದು. ನಟ್ಟನಡುವೆ ಚಾಕು ಚುಚ್ಚಿ ತೆಗೆದರೆ ಅದಕ್ಕೆ ತೇವ ಹತ್ತಿರಬಹುದು, ಹಾಲಿನಂತಹ ದ್ರವ ಇರಬಾರದು. ಥರ್ಮಾಮೀಟರ್ ಇದ್ದರೆ ಸಂಶಯವೇ ಉಳಿಯುವುದಿಲ್ಲ. ಮೊಟ್ಟೆಯ ಅಡುಗೆಗಳಿಗೆ ಅಮೆರಿಕದ ಕೃಷಿ ಇಲಾಖೆ ಸೂಚಿಸುವ ಸುರಕ್ಷಿತ ಮಟ್ಟ 71 ಡಿಗ್ರಿ ಸೆಲ್ಸಿಯಸ್. ಆದರೆ ಹಾಲು, ಸಕ್ಕರೆ ಬೆರೆತ ಮೊಟ್ಟೆ ಗಟ್ಟಿಯಾಗಲು ಬರಿಯ ಮೊಟ್ಟೆಗಿಂತ ಹೆಚ್ಚಿನ ಶಾಖ ಬೇಕು. ನಡುಭಾಗ 76ರಿಂದ 80 ಡಿಗ್ರಿ ತಲುಪಿದಾಗ ಹೊರತೆಗೆದರೆ ಹದ ಚೆನ್ನಾಗಿರುತ್ತದೆ. 85 ದಾಟಿದರೆ ಮೊಟ್ಟೆ ಬಿಗಿದುಕೊಂಡು ನೀರು ಬಿಡುತ್ತದೆ, ಅಡಿಯಲ್ಲಿ ತೆಳ್ಳನೆಯ ನೀರು ನಿಂತಿದ್ದರೆ ಕಾರಣ ಅದೇ. ಎಷ್ಟೋ ಬಾರಿ ಇದನ್ನು ಬೇಯದ ಗುರುತೆಂದು ತಿಳಿದು ಮತ್ತೆ ಬೇಯಿಸುತ್ತಾರೆ, ಅದರಿಂದ ನೀರು ಇನ್ನಷ್ಟು ಹೆಚ್ಚುತ್ತದೆ. ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಹೋಳುಗಳು ಅಚ್ಚುಕಟ್ಟಾಗಿ ಬರುತ್ತವೆ.

ಬಡಿಸುವಾಗ

ಇದರ ಮೇಲೆ ಸುರಿಯಲು ಮೇಪಲ್ ಸಿರಪ್‌ಗೆ ಸಮನಾದದ್ದಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯೂ ಹಗಲು ಸ್ವಲ್ಪ ಬೆಚ್ಚಗೂ ಇರುವ ಕೆಲವೇ ವಾರಗಳಲ್ಲಿ ಮೇಪಲ್ ಮರಗಳಿಂದ ರಸ ಇಳಿಸಿ, ಅದನ್ನು ಕಾಯಿಸಿ ಇಂಗಿಸುತ್ತಾರೆ. ಒಂದು ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕಾಗುವುದರಿಂದ ಬೆಲೆ ಹೆಚ್ಚು. ಕೆನಡಾದ ಕ್ವಿಬೆಕ್ ಪ್ರಾಂತ್ಯವೊಂದೇ ಪ್ರಪಂಚದ ಬಹುಪಾಲು ಸಿರಪ್ ತಯಾರಿಸುತ್ತದೆ. ಅಮೆರಿಕದಲ್ಲಿ ವರ್ಮಾಂಟ್ ರಾಜ್ಯ ಮುಂದು. ಬಣ್ಣದ ಮೇಲೆ ದರ್ಜೆ ಕೊಡುವ ಪದ್ಧತಿಯಿದ್ದು, ಈ ತಿನಿಸಿಗೆ ತಿಳಿ ಹೊನ್ನಿನ ಬಣ್ಣದ್ದಕ್ಕಿಂತ ‘ಡಾರ್ಕ್’ ಎಂಬ ಗಾಢ ದರ್ಜೆಯದು ಹೊಂದುತ್ತದೆ, ಏಕೆಂದರೆ ಚಕ್ಕೆ ಮತ್ತು ಬೆಣ್ಣೆಯ ನಡುವೆಯೂ ಅದರ ರುಚಿ ಕೇಳಿಸುತ್ತದೆ. ‘ಪ್ಯಾನ್‌ಕೇಕ್ ಸಿರಪ್’ ಎಂದು ಬರೆದಿರುವ ಅಗ್ಗದ ಬಾಟಲಿಗಳಲ್ಲಿರುವುದು ಸಾಮಾನ್ಯವಾಗಿ ಬಣ್ಣ, ಸುವಾಸನೆ ಬೆರೆಸಿದ ಮೆಕ್ಕೆಜೋಳದ ಪಾಕ. ಅದಕ್ಕಿಂತ ನಮ್ಮ ಜೋನಿ ಬೆಲ್ಲವನ್ನು ಸ್ವಲ್ಪ ಬಿಸಿಮಾಡಿ ಸುರಿಯುವುದು ಎಷ್ಟೋ ಮೇಲು. ಯಾವುದನ್ನೇ ಸುರಿದರೂ ಕಡಿಮೆ ಸುರಿಯಿರಿ. ಸಿಹಿ ಒಳಗೂ ಮೇಲೂ ಆಗಲೇ ಇದೆ. ಜೊತೆಗೆ ಸಕ್ಕರೆ ಕಡಿಮೆ ಹಾಕಿದ, ಡಿಕಾಕ್ಷನ್ ಗಟ್ಟಿಯಾಗಿರುವ ಕಾಫಿ ಇದ್ದರೆ ಒಳ್ಳೆಯದು.

ಮೊಟ್ಟೆ ತಿನ್ನದವರಿಗೆ

ಮೊಟ್ಟೆಯನ್ನು ಬರೇ ಬಿಟ್ಟುಬಿಟ್ಟರೆ ಹಾಲನ್ನು ಹಿಡಿದಿಡುವುದಕ್ಕೆ ಏನೂ ಇರುವುದಿಲ್ಲ. ಇದಕ್ಕೆ ನಮ್ಮ ಮನೆಗಳಲ್ಲಿ ಪರಿಚಿತವಾದ ಕಸ್ಟರ್ಡ್ ಪೌಡರೇ ಸರಿಯಾದ ಪರಿಹಾರ. ಬರ್ಮಿಂಗ್‌ಹ್ಯಾಮ್‌ನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ರೂಪಿಸಿದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಆದರೆ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಿ ರಾತ್ರಿ ಸುರಿದರೆ, ಅದರಲ್ಲಿರುವ ಮೆಕ್ಕೆಜೋಳದ ಪಿಷ್ಟ ಕರಗದೆ ತಳಕ್ಕೆ ಇಳಿದು ಬೆಳಗ್ಗೆ ರಬ್ಬರಿನಂತಹ ಪದರವಾಗುತ್ತದೆ. 900 ಮಿಲಿಲೀಟರ್ ಫುಲ್ ಕ್ರೀಮ್ ಹಾಲಿಗೆ 3 ದೊಡ್ಡ ಚಮಚ ಪುಡಿಯಂತೆ, 100 ಗ್ರಾಂ ಸಕ್ಕರೆಯೊಡನೆ ಒಲೆಯ ಮೇಲೆ ಕೈಯಾಡಿಸುತ್ತ ಕುದಿ ಬರಿಸಿ ತೆಳುವಾದ ಕಸ್ಟರ್ಡ್ ಮಾಡಿ, ಚಕ್ಕೆಪುಡಿ ಬೆರೆಸಿ, ಉಗುರುಬೆಚ್ಚಗಾದಾಗ ಬ್ರೆಡ್ಡಿನ ಮೇಲೆ ಸುರಿಯಬೇಕು. ಪೂರ್ತಿ ತಣ್ಣಗಾದರೆ ಗಟ್ಟಿಯಾಗಿ ತುಂಡುಗಳ ಒಳಗೆ ಇಳಿಯುವುದಿಲ್ಲ. ಮೊಟ್ಟೆಯದರಷ್ಟು ಇದು ಉಬ್ಬುವುದಿಲ್ಲ, ಮೃದುವಾದ ಪುಡ್ಡಿಂಗ್‌ನಂತಿರುತ್ತದೆ. ಬೇಯಲು ಒಟ್ಟು 40 ನಿಮಿಷ ಸಾಕು.

ಉಳಿದದ್ದು

ಬೆಂದ ಟ್ರೇಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡದೆ, ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಬೇಕು. ಮತ್ತೆ ಬಿಸಿಮಾಡಲು ಮೈಕ್ರೋವೇವ್ ಬಳಸಿದರೆ ಮೇಲಿನ ಪದರ ಮೆತ್ತಗಾಗುತ್ತದೆ. ಬದಲಾಗಿ ಹೋಳುಗಳನ್ನು ಬಿಡಿಸಿ 160 ಡಿಗ್ರಿ ಓವನ್‌ನಲ್ಲಿ ಹದಿನೈದು ನಿಮಿಷ ಇಟ್ಟು, ನಡುಭಾಗವೂ ಚೆನ್ನಾಗಿ ಬಿಸಿಯಾಗಿದೆ ಎಂದು ಖಚಿತಪಡಿಸಿಕೊಂಡು ಬಡಿಸಿರಿ. ಕಾವಲಿಯ ಮೇಲೆ ಕೊಂಚ ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಎರಡು ಬದಿಯೂ ಬೇಯಿಸಿದರೆ ಕತ್ತರಿಸಿದ ಅಂಚುಗಳು ಹೊಸದಾಗಿ ಕೆಂಪೇರುತ್ತವೆ. ಮಕ್ಕಳ ಸಂಜೆಯ ತಿಂಡಿಗೆ ಹಾಗೆ ಮಾಡಿಕೊಡುವುದು ಸುಲಭ.